ಡಿಡಿ ಫ್ರೀ ಡಿಶ್‌ಗೆ ಯಾವ ಅಳತೆಯ ಡಿಶ್? 45ರಿಂದ 90 ಸೆಂ.ಮೀ.ವರೆಗೆ ಒಂದು ವಿಮರ್ಶೆ

"ದೊಡ್ಡದೇ ಹಾಕ್ಸಿ ಸಾರ್, ಸಿಗ್ನಲ್ ಜಾಸ್ತಿ ಬರುತ್ತೆ" ಅಂತ ಅಂಗಡಿಯವರು ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬೆಂಗಳೂರು, ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯಂಥ ಬಯಲುಸೀಮೆಯ ಊರುಗಳಲ್ಲಿ ಡಿಡಿ ಫ್ರೀ ಡಿಶ್ ನೋಡಲು 60 ಸೆಂ.ಮೀ. ಡಿಶ್ ಸಾಕು. ಕರಾವಳಿ, ಮಲೆನಾಡಿನ ಮನೆಗೆ 75 ತೆಗೆದುಕೊಳ್ಳಿ, ಮಳೆಗಾಲದಲ್ಲೂ ಟಿವಿ ಬಿಡುವವರಲ್ಲ ಎಂದರೆ 90. 45ರದ್ದು ಯಾರಿಗೂ ಬೇಡ. ಇಷ್ಟು ತಿಳಿದರೆ ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಸರಿಯಾದ ಅಳತೆ ತಂದೂ ಚಿತ್ರ ಚೌಕ ಚೌಕವಾಗಿ ಒಡೆಯುವ ಮನೆಗಳು ಬೇಕಾದಷ್ಟಿವೆ. ಅಲ್ಲಿ ತಪ್ಪು ಬೇರೆ ಕಡೆ ಇರುತ್ತದೆ.

ಮೊದಲು ಅಳತೆಯ ಗೊಂದಲ ಬಗೆಹರಿಸೋಣ. ಮನೆಗೆ ಹಾಕುವ ಡಿಶ್ ಆಫ್‌ಸೆಟ್ ಮಾದರಿಯದು, ಅಂದರೆ ಸಿಗ್ನಲ್ ಹಿಡಿಯುವ ತೋಳು ತಟ್ಟೆಯ ನಡುವಿನಿಂದಲ್ಲ, ಕೆಳಗಂಚಿನಿಂದ ಹೊರಟಿರುತ್ತದೆ. ಅದು ದುಂಡಗಿರುವುದಿಲ್ಲ, ಅಗಲಕ್ಕಿಂತ ಎತ್ತರ ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು. 60 ಅಗಲದ ಡಿಶ್ 65ರಷ್ಟು ಎತ್ತರ ಬರುತ್ತದೆ. ಹಾಗಾಗಿ ಒಂದು ಅಂಗಡಿಯ "60" ಮತ್ತು ಪಕ್ಕದ ಅಂಗಡಿಯ "65" ಎಷ್ಟೋ ಸಲ ಒಂದೇ ಮಾಲು, ಅಳೆದ ದಿಕ್ಕು ಮಾತ್ರ ಬೇರೆ. ಟೇಪ್ ಹಿಡಿದು ಅಡ್ಡಗಲ ಅಳೆಯಿರಿ. ಆ ಚಿಕ್ಕ ಸಂಖ್ಯೆಯೇ ಲೆಕ್ಕಕ್ಕೆ ಬರುವುದು.

ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15ರಿಂದ. 2015ರ ನವೆಂಬರಿನಲ್ಲಿ ಹಾರಿದ ಇಸ್ರೋ ಉಪಗ್ರಹ ಅದು. ಪ್ರಸಾರ ಕೆಯು ಬ್ಯಾಂಡಿನಲ್ಲಿ, 11 ಗಿಗಾಹರ್ಟ್ಸ್‌ಗೆ ಮೇಲೆ. ಅಲೆಯುದ್ದ ಎರಡೂವರೆ ಸೆಂ.ಮೀ. ಚಿಲ್ಲರೆ. ಅಲೆ ಇಷ್ಟು ಚಿಕ್ಕದಾಗಿರುವುದರಿಂದಲೇ ಎರಡಡಿಯ ತಟ್ಟೆಯಲ್ಲಿ ಕೆಲಸ ಆಗುತ್ತದೆ. ಕೇಬಲ್ ಆಪರೇಟರ್ ತಾರಸಿಯ ಮೇಲಿನ ಆರು, ಎಂಟು ಅಡಿಯ ಜಾಲರಿ ಡಿಶ್ ಉದ್ದ ಅಲೆಯ ಸಿ ಬ್ಯಾಂಡಿನದು, ಅದರ ಲೆಕ್ಕವೇ ಬೇರೆ.

ಡಿಶ್ ಹಿಡಿಯುವ ಸಿಗ್ನಲ್ ಅದರ ವಿಸ್ತೀರ್ಣದ ಜೊತೆ ಏರುತ್ತದೆ. 60ರಿಂದ 75ಕ್ಕೆ ಹೋದರೆ ಸುಮಾರು 2 ಡಿಬಿ (ಡೆಸಿಬೆಲ್, ಸಿಗ್ನಲ್ಲಿನ ಏರಿಳಿತ ಅಳೆಯುವ ಮಾನ; 3 ಡಿಬಿ ಎಂದರೆ ಸುಮಾರು ಇಮ್ಮಡಿ) ಲಾಭ, 90ಕ್ಕೆ ಹೋದರೆ 3.5 ಡಿಬಿ. 60ರಿಂದ 45ಕ್ಕೆ ಇಳಿದರೆ 2.5 ಡಿಬಿ ನಷ್ಟ. ಆಕಾಶ ತಿಳಿಯಾಗಿದ್ದಾಗ 60ರ ಡಿಶ್‌ಗೆ ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಡಿಜಿಟಲ್ ಪ್ರಸಾರದಲ್ಲಿ ಒಂದು ಮಿತಿ ದಾಟಿದ ಮೇಲೆ ಸಿಗ್ನಲ್ ಎಷ್ಟು ಹೆಚ್ಚಿದರೂ ಚಿತ್ರ ಇನ್ನಷ್ಟು ಚೆನ್ನಾಗುವುದಿಲ್ಲ. ಹೆಚ್ಚುವರಿ ಡಿಬಿ ಎಲ್ಲ ಮಳೆಗೆ ಎತ್ತಿಟ್ಟ ಗಂಟು. ಬಯಲುಸೀಮೆಯವರಿಗೆ ಆ ಗಂಟು ವರ್ಷಕ್ಕೆ ಕೆಲವೇ ಗಂಟೆ ಬೇಕಾಗುತ್ತದೆ, ಉಡುಪಿ, ತೀರ್ಥಹಳ್ಳಿಯವರಿಗೆ ಮೂರು ತಿಂಗಳು.

ಈ ಫ್ರೀಕ್ವೆನ್ಸಿಯಲ್ಲಿ ಗಂಟೆಗೆ 50 ಮಿ.ಮೀ. ರಭಸದ ಮಳೆ ಪ್ರತಿ ಕಿಲೋಮೀಟರ್ ದಾರಿಗೆ 2 ಡಿಬಿಯಷ್ಟು ನುಂಗುತ್ತದೆ. 100 ಮಿ.ಮೀ. ರಭಸವಾದರೆ 5 ಡಿಬಿ. ಉಪಗ್ರಹದಿಂದ ಬರುವ ಕಿರಣ ಮಳೆಯೊಳಗೆ ಹಲವು ಕಿಲೋಮೀಟರ್ ಸಾಗಬೇಕು. ಹಾಗಾಗಿ ಆಷಾಢದ ಎಡೆಬಿಡದ ಮಳೆಯಲ್ಲಿ 60ರ ಡಿಶ್ ಒದ್ದಾಡುವ ಕಡೆ 90ರದ್ದು ತಡೆದುಕೊಳ್ಳುತ್ತದೆ. ಆಕಾಶ ತೂತಾದ ಹಾಗೆ ಸುರಿಯುವ ಆ ಇಪ್ಪತ್ತು ನಿಮಿಷ ಮಾತ್ರ 90 ಆಗಲಿ 120 ಆಗಲಿ ಏನೂ ಮಾಡಲಾರವು. "ಎಂಥ ಮಳೆಗೂ ಹೋಗಲ್ಲ" ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ಆ ಅಂಗಡಿ ಬಿಟ್ಟು ಬನ್ನಿ.

ಇನ್ನು ಒಂದೊಂದೇ ನೋಡೋಣ.

45 ಸೆಂ.ಮೀ. ಬಾಡಿಗೆ ಮನೆಯ ಬಾಲ್ಕನಿಗೆ ಹೊಂದುತ್ತದೆ ಎಂಬುದೊಂದೇ ಇದರ ಗುಣ. ಮೋಡ ದಟ್ಟವಾಗಿ ನಾಲ್ಕು ಹನಿ ಬಿದ್ದರೆ ಮೊದಲು ತೊಂದರೆ ಕಾಣುವುದು ಇಲ್ಲೇ. ಇನ್ನೊಂದು ಕೊರತೆಯನ್ನು ಯಾರೂ ಹೇಳುವುದಿಲ್ಲ: ಡಿಶ್ ಚಿಕ್ಕದಾದಷ್ಟೂ ಅದರ ನೋಟ ಅಗಲ. 45ರದ್ದು ಸುಮಾರು 4 ಡಿಗ್ರಿ ಅಗಲಕ್ಕೆ ನೋಡುತ್ತದೆ, 60ರದ್ದು 3, 90ರದ್ದು 2. ಪಕ್ಕದಲ್ಲೇ, 95 ಡಿಗ್ರಿಯಲ್ಲಿ, ಬೇರೆ ಡಿಟಿಎಚ್ ಕಂಪನಿ ಬಳಸುವ ಉಪಗ್ರಹವಿದೆ. ಚಿಕ್ಕ ಡಿಶ್ ನಮ್ಮ ಉಪಗ್ರಹದ ಜೊತೆ ಪಕ್ಕದವರ ಗಲಾಟೆಯನ್ನೂ ಸೇರಿಸಿ ತರುತ್ತದೆ. ಸೆಟ್ ಟಾಪ್ ಬಾಕ್ಸಿನಲ್ಲಿ ಸಿಗ್ನಲ್ಲಿನ ಸ್ಟ್ರೆಂತ್ (ಬಲ) 80 ಇದ್ದು ಕ್ವಾಲಿಟಿ (ಶುದ್ಧತೆ) 30ರಲ್ಲೇ ಕುಣಿಯುವುದಕ್ಕೆ ಇದೂ ಒಂದು ಕಾರಣ.

60 ಸೆಂ.ಮೀ. ಹೆಚ್ಚಿನವರಿಗೆ ಇದೇ ಸರಿ. ಕೈಯಲ್ಲಿ ಹಿಡಿದು ಏಣಿ ಹತ್ತಬಹುದು, ನಾಲ್ಕು ಆಂಕರ್ ಬೋಲ್ಟ್‌ನಲ್ಲಿ ಗೋಡೆಗೆ ನಿಲ್ಲುತ್ತದೆ, ಜೋಡಿಸುವಾಗ ಅರ್ಧ ಡಿಗ್ರಿ ತಪ್ಪಿದರೂ ಕ್ಷಮಿಸುತ್ತದೆ. ಚಂದಾ ನಿಲ್ಲಿಸಿದ ಹಳೆಯ ಡಿಟಿಎಚ್ ಡಿಶ್ ಮನೆ ಮೇಲೆ ಇದ್ದು, ತಟ್ಟೆ ಸೊಟ್ಟಗಾಗಿರದಿದ್ದರೆ ಹೊಸದು ಕೊಳ್ಳುವುದೇ ಬೇಡ. ದಿಕ್ಕು ತಿರುಗಿಸಿ, ಯೂನಿವರ್ಸಲ್ ಎಲ್‌ಎನ್‌ಬಿ (ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಪುಟ್ಟ ಸಾಧನ) ಹಾಕಿ, ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ ಫ್ರೀಕ್ವೆನ್ಸಿ 9750/10600 ಇಡಿ.

75 ಸೆಂ.ಮೀ. ಕರಾವಳಿಗೆ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿಗೆ ನಮ್ಮ ಆಯ್ಕೆ. ಲಾಭ 2 ಡಿಬಿಯೇ ಆದರೂ ಜೋಡಣೆಯ ಕಷ್ಟ ಹೆಚ್ಚುವುದಿಲ್ಲ. ಎಂಪೆಗ್-4 (ವಿಡಿಯೊ ಕುಗ್ಗಿಸಿ ಕಳಿಸುವ ಹೊಸ ಕ್ರಮ) ಚಾನೆಲ್‌ಗಳನ್ನು ನೋಡುವವರಿಗೂ ಇದು ಒಳ್ಳೆಯದು. ಇಂಥ ಚಾನೆಲ್‌ಗಳ ಪ್ರಸಾರ ಕ್ರಮವಾದ ಡಿವಿಬಿ-ಎಸ್2ನಲ್ಲಿ 8ಪಿಎಸ್‌ಕೆ ಎಂಬ ಸಂಕೇತ ವಿಧಾನ ಬಳಸುವ ಪ್ರಸಾರಕ್ಕೆ ಹಳೆಯ ಮಾದರಿಗಿಂತ ಒಂದೆರಡು ಡಿಬಿ ಹೆಚ್ಚು ಬೇಕು, ಮಳೆ ಬಂದಾಗ ಮೊದಲು ಹೋಗುವುದು ಅವೇ.

90 ಸೆಂ.ಮೀ. ಸಿಗ್ನಲ್ ಬಗ್ಗೆ ದೂರಿಲ್ಲ, ಗಾಳಿಯ ಬಗ್ಗೆ ಇದೆ. ಗಂಟೆಗೆ 100 ಕಿ.ಮೀ. ಗಾಳಿ ನೇರವಾಗಿ ಬಡಿದರೆ 60ರ ಡಿಶ್ ಮೇಲೆ ಸುಮಾರು 16 ಕೆ.ಜಿ. ತೂಕದಷ್ಟು ಒತ್ತಡ, 90ರ ಮೇಲೆ 36 ಕೆ.ಜಿ.! ಅಂಗಡಿಯಲ್ಲಿ ಜೊತೆಗೆ ಕೊಡುವ ತೆಳ್ಳನೆಯ ಸ್ಟ್ಯಾಂಡ್ ಇದಕ್ಕೆ ಆಗಿಬರುವುದಿಲ್ಲ. ಎರಡು ಇಂಚಿನ ಜಿಐ ಪೈಪ್, ಕಾಂಕ್ರೀಟಿಗೆ ಕೂರಿಸಿದ ತಳ, ಹಿಂದಿನಿಂದ ಎರಡು ಆಸರೆ ಕಂಬಿ ಬೇಕು. ನೋಟ ಎರಡೇ ಡಿಗ್ರಿ ಆದ್ದರಿಂದ ಸ್ಟ್ಯಾಂಡ್ ಒಂದು ಡಿಗ್ರಿ ಅಲುಗಿದರೂ ಅರ್ಧ ಸಿಗ್ನಲ್ ಹೋಯಿತು. ಸಡಿಲ ಸ್ಟ್ಯಾಂಡಿನ 90ಕ್ಕಿಂತ ಬಿಗಿಯಾಗಿ ನಿಂತ 60 ಮೇಲು. ಹಂಚಿನ ಮಾಡಿನ ಮೇಲಂತೂ ಕೂರಿಸಲೇಬೇಡಿ, ಗೋಡೆಗೋ ಅಂಗಳದ ಕಂಬಕ್ಕೋ ಹಾಕಿ.

ಅಂಗಡಿಯಲ್ಲಿ ನೋಡಬೇಕಾದ್ದು ತಟ್ಟೆಯ ಆಕಾರ. ಅಂಚಿನಿಂದ ಅಂಚಿಗೆ ಒಂದು ದಾರ ಮೇಲೆ ಕೆಳಗೆ, ಇನ್ನೊಂದು ಅಡ್ಡಲಾಗಿ, ಎರಡನ್ನೂ ಬಿಗಿಯಾಗಿ ಎಳೆದು ಹಿಡಿಸಿ. ನಡುವೆ ಅವು ಒಂದಕ್ಕೊಂದು ಸವರಿದಂತೆ ಕೂಡಬೇಕು. ಎರಡರ ನಡುವೆ ಬೆರಳು ತೂರುವಷ್ಟು ಸಂದು ಇದ್ದರೆ, ಅಥವಾ ಒಂದು ಇನ್ನೊಂದನ್ನು ಒತ್ತಿ ಬಾಗಿಸಿದರೆ, ತಟ್ಟೆ ತಿರುಚಿದೆ ಎಂದರ್ಥ. ಸಾಗಣೆಯಲ್ಲಿ ಒಂದರ ಮೇಲೊಂದು ಪೇರಿಸಿ ತಂದ ತೆಳು ತಗಡಿನ ಡಿಶ್‌ಗಳಲ್ಲಿ ಇದು ಸಾಮಾನ್ಯ. ಎಲ್‌ಎನ್‌ಬಿ ಹಿಡಿಯುವ ತೋಳು ಆಯಾ ಡಿಶ್‌ನದ್ದೇ ಆಗಿರಲಿ. 60ರ ತೋಳನ್ನು 75ಕ್ಕೆ ಹಾಕಿದರೆ ಕಿರಣಗಳು ಕೂಡುವ ಜಾಗದಲ್ಲಿ ಎಲ್‌ಎನ್‌ಬಿ ಇರುವುದಿಲ್ಲ, ದೊಡ್ಡ ತಟ್ಟೆಯ ದುಡ್ಡು ದಂಡ. ಎಲ್‌ಎನ್‌ಬಿ ಮೇಲೆ "0.1 ಡಿಬಿ" (ಎಲ್‌ಎನ್‌ಬಿ ತಾನೇ ಸೇರಿಸುವ ಗದ್ದಲ, ಕಡಿಮೆಯಿದ್ದಷ್ಟೂ ಒಳ್ಳೆಯದು) ಎಂದು ಅಚ್ಚು ಹಾಕಿರುವುದನ್ನು ನಂಬಿ ಚಿಕ್ಕ ಡಿಶ್ ತರಬೇಡಿ. ಆ ಬೆಲೆಗೆ ಆ ಗುಣ ಬರುವುದಿಲ್ಲ. ಕರಾವಳಿಯವರು ಡಿಶ್‌ಗಿಂತ ಮೊದಲು ಬೋಲ್ಟ್ ನೋಡಿ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಅವೇ. ಸ್ಟೇನ್‌ಲೆಸ್ ಸ್ಟೀಲಿನವು ಬೇರೆಯಾಗಿ ಕೊಂಡು ಹಾಕಿಸಿ.

ಕೋನಗಳಿಗೆ ಬರೋಣ. ಬೆಂಗಳೂರಿನಿಂದ ಜಿಸ್ಯಾಟ್-15 ಇರುವುದು ಉತ್ತರದಿಂದ ಪ್ರದಕ್ಷಿಣವಾಗಿ 128 ಡಿಗ್ರಿಯಲ್ಲಿ, ಅಂದರೆ ಆಗ್ನೇಯಕ್ಕಿಂತ ತುಸು ಪೂರ್ವಕ್ಕೆ. ದಿಗಂತದಿಂದ ಎತ್ತರ 66 ಡಿಗ್ರಿ. ಮಂಗಳೂರಿನಲ್ಲಿ 123.5 ಮತ್ತು 63.5, ಬೆಳಗಾವಿಯಲ್ಲಿ 128 ಮತ್ತು 61, ಬೀದರಿನಲ್ಲಿ 137 ಮತ್ತು 62. ಆಫ್‌ಸೆಟ್ ಡಿಶ್ ನೋಡುವುದು ತನ್ನ ಮುಖಕ್ಕಿಂತ 24 ಡಿಗ್ರಿಯಷ್ಟು ಮೇಲಕ್ಕೆ. ಹಾಗಾಗಿ ಬೆಂಗಳೂರಿನಲ್ಲಿ ತಟ್ಟೆ ನೆಟ್ಟಗಿನಿಂದ ಹಿಂದಕ್ಕೆ ವಾಲಬೇಕಾದ್ದು ಸುಮಾರು 42 ಡಿಗ್ರಿ ಮಾತ್ರ. 66 ಎಂದು ಓದಿಕೊಂಡು ತಟ್ಟೆಯನ್ನು ಅಂಗಾತ ಮಲಗಿಸಿ ದಿನವಿಡೀ ಹುಡುಕುವವರಿದ್ದಾರೆ. ಕಂಬ ನೆಟ್ಟಗಿದೆಯೇ ಎಂದು ಮಟ್ಟಗೋಲಿನಲ್ಲಿ ನೋಡಿಕೊಳ್ಳಿ, ಕಂಬ ವಾಲಿದ್ದರೆ ಬ್ರ್ಯಾಕೆಟ್ಟಿನ ಯಾವ ಗುರುತೂ ನಂಬುವಂತಿಲ್ಲ. ಮೊಬೈಲಿನ ದಿಕ್ಸೂಚಿಯನ್ನು ಡಿಶ್‌ನಿಂದ ಎರಡು ಮೀಟರ್ ದೂರ ನಿಂತು ನೋಡಿ, ಕಬ್ಬಿಣದ ಹತ್ತಿರ ಅದು ಸುಳ್ಳು ಹೇಳುತ್ತದೆ.

ದಕ್ಷಿಣದಲ್ಲಿ ಅತಿ ಹೆಚ್ಚು ಮರೆಯುವ ಸಂಗತಿ ಎಲ್‌ಎನ್‌ಬಿಯ ತಿರುವು. ಉಪಗ್ರಹ ನಮ್ಮ ನೆತ್ತಿಯ ನೇರ ದಕ್ಷಿಣಕ್ಕಿಲ್ಲ, ಪೂರ್ವಕ್ಕೆ ಸರಿದಿದೆ. ಹಾಗಾಗಿ ಅಲೆಗಳೂ ಓರೆಯಾಗಿ ಬರುತ್ತವೆ. ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ ಈ ಓರೆ ಸುಮಾರು 50 ಡಿಗ್ರಿ! ಡಿಶ್ ಎದುರು ನಿಂತು ಎಲ್‌ಎನ್‌ಬಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಅಷ್ಟು ತಿರುಗಿಸಿ ಶುರು ಮಾಡಿ, ಕ್ವಾಲಿಟಿ ಎಲ್ಲಿ ಗರಿಷ್ಠವೋ ಅಲ್ಲಿ ಬಿಗಿ ಮಾಡಿ. ನೆಟ್ಟಗೆ ಸಿಕ್ಕಿಸಿ ಬಿಟ್ಟರೆ 90ರ ಡಿಶ್‌ನಿಂದ ಗಳಿಸಿದ್ದೆಲ್ಲ ಇಲ್ಲೇ ಸೋರಿಹೋಗುತ್ತದೆ. ಪೀಂಗುಟ್ಟುವ ಅಗ್ಗದ ಮೀಟರ್ ಯಾವುದೋ ಉಪಗ್ರಹ ಸಿಕ್ಕಿತು ಎನ್ನುತ್ತದೆಯೇ ಹೊರತು ಯಾವುದು ಎನ್ನುವುದಿಲ್ಲ. ಕೊನೆಯ ಮಾತು ಬಾಕ್ಸಿನ ಕ್ವಾಲಿಟಿ ಪಟ್ಟಿಯದ್ದೇ.

ಕೇಬಲ್ ಬಗ್ಗೆ ಚುಟುಕಾಗಿ: ಆರ್‌ಜಿ-6, 75 ಓಮ್, ಇಪ್ಪತ್ತು ಮೀಟರ್ ಒಳಗೆ. ಕೇಬಲ್ ತುದಿಯ ಎಫ್ ಕನೆಕ್ಟರ್ ತಿರುಚಿ ಹಾಕುವುದಕ್ಕಿಂತ ಒತ್ತಿ ಕೂರಿಸುವುದು ಮೇಲು. ಎಲ್‌ಎನ್‌ಬಿ ಹತ್ತಿರ ಕೇಬಲ್ ಕೆಳಕ್ಕೆ ಒಂದು ಸುತ್ತು ಜೋಲಾಡಿದರೆ ನೀರು ಕನೆಕ್ಟರ್ ಒಳಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಮಳೆ ನಿಂತು ಎರಡು ದಿನವಾದರೂ ಚಿತ್ರ ಬಾರದಿದ್ದರೆ ಡಿಶ್ ದೊಡ್ಡದು ಮಾಡುವ ಮೊದಲು ಈ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಂತಿ ಹಸಿರುಗಟ್ಟಿರುತ್ತದೆ. ಹಾಗೆಯೇ ಪಕ್ಕದ ಮನೆಯಲ್ಲಿ ಬರುವ ಕೆಲವು ಚಾನೆಲ್ ನಿಮ್ಮಲ್ಲಿ ಇಲ್ಲವೇ ಇಲ್ಲ ಎಂದರೆ ಅದು ಅಳತೆಯ ದೋಷವಲ್ಲ. ಹಳೆಯ ಎಂಪೆಗ್-2 ಬಾಕ್ಸಿಗೆ ಎಂಪೆಗ್-4 ಚಾನೆಲ್ ಓದಲು ಬರುವುದಿಲ್ಲ, ಎಷ್ಟು ದೊಡ್ಡ ಡಿಶ್ ಹಾಕಿದರೂ.

ಮರಗಳ ವಿಷಯದಲ್ಲಿ ನಮ್ಮವರು ಪುಣ್ಯವಂತರು. ಉಪಗ್ರಹ ಇಷ್ಟು ಎತ್ತರದಲ್ಲಿರುವುದರಿಂದ ಡಿಶ್‌ಗಿಂತ ಹತ್ತು ಮೀಟರ್ ಎತ್ತರದ ತೆಂಗೋ ಅಡಿಕೆಯೋ ಐದು ಮೀಟರ್ ಒಳಗಿದ್ದರೆ ಮಾತ್ರ ಅಡ್ಡ ಬರುತ್ತದೆ. ಮರ ಎಷ್ಟು ಎತ್ತರವೋ ಅದರ ಅರ್ಧ ದೂರ ಬಿಟ್ಟರೆ ಸಾಕು, ಸೋಗೆ ಹರಡುವಷ್ಟು ಜಾಗ ಹೆಚ್ಚಿಗೆ ಸೇರಿಸಿ. ಅನುಮಾನವಿದ್ದರೆ ಮಾರ್ಚ್ 14, 15ರ ಆಸುಪಾಸು ಬೆಳಗ್ಗೆ 11.15ಕ್ಕೆ, ಇಲ್ಲವೇ ಸೆಪ್ಟೆಂಬರ್ 28, 29ರ ಸುಮಾರಿಗೆ 11 ಗಂಟೆ ಹೊತ್ತಿಗೆ ಡಿಶ್ ಹಾಕುವ ಜಾಗ ನೋಡಿ. ಬೆಂಗಳೂರಿನಲ್ಲಿ ಆಗ ಸೂರ್ಯ ಇರುವುದು ಸರಿಯಾಗಿ ಜಿಸ್ಯಾಟ್-15ರ ಹಿಂದೆ. ಆ ಜಾಗಕ್ಕೆ ಬಿಸಿಲು ಬಿದ್ದರೆ ಸಿಗ್ನಲ್ಲೂ ಬೀಳುತ್ತದೆ. ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಒಡೆದರೆ ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ. ಸೂರ್ಯನ ರೇಡಿಯೊ ಗದ್ದಲ ನೇರವಾಗಿ ಡಿಶ್‌ನೊಳಗೆ ಬೀಳುತ್ತಿರುತ್ತದೆ, ಸೂರ್ಯ ಸರಿದ ಮೇಲೆ ತಾನಾಗಿ ಸರಿಹೋಗುತ್ತದೆ.