ಜಾಯಿಕಾಯಿ ಗಿಡ ತಗೊಳೋ ಮುಂಚೆ ಬುಡ ನೋಡಿ

ಜಾಯಿಕಾಯಿ ಹಾಕ್ಬೇಕು ಅಂತಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ನನ್ನ ಏಳು ವರ್ಷ ಹೋಗಿದೆ ಇದ್ರಲ್ಲಿ.

ಒಂದು ನರ್ಸರಿಯಿಂದ ಹನ್ನೆರಡು ಗಿಡ ತಂದಿದ್ದೆ, ಎಲ್ಲಾ ಕಸಿ, ಎಲ್ಲಾ ಹೆಣ್ಣು ಅಂತ ಹೇಳೇ ಕೊಟ್ರು, ನಂಬ್ದೆ. ನೆರಳು ಕಟ್ಟಿ, ಬುಡಕ್ಕೆ ತರಗೆಲೆ ಹೊದಿಸಿ, ಒಂದಿನಾನೂ ನೀರು ತಪ್ಪಿಸದೆ ಸಾಕಿದ್ದು. ಏಳನೇ ವರ್ಷ ಹೂ ಬಂತು, ತಿಳಿ ಹಳದಿ, ಪುಟ್ಟ ಹೂಜಿ ಥರ, ಒಳ್ಳೆ ಘಮ, ಮನೇಲೆಲ್ಲಾ ಖುಷಿಯೋ ಖುಷಿ. ಆದ್ರೆ ಹನ್ನೆರಡರಲ್ಲಿ ಎಂಟು ಮರದಲ್ಲಿ ಒಂದೂ ಕಾಯಿ ಕಚ್ಚಲಿಲ್ಲ, ಬೆಳಗ್ಗೆ ನೋಡಿದ್ರೆ ಹೂವೆಲ್ಲಾ ಬುಡದಲ್ಲಿ. ಕೊನೆಗೆ ಒಂದು ಹೂವನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳ್ದೆ, ಒಳಗೆ ಕೇಸರಗಳು ಒಂದಕ್ಕೊಂದು ಅಂಟ್ಕೊಂಡಿರೋ ಸಣ್ಣ ಕಡ್ಡಿ, ಅಷ್ಟೇ. ಕಾಯಿ ಆಗೋ ಭಾಗಾನೇ ಇಲ್ಲ. ಎಂಟೂ ಗಂಡು! ಅವತ್ತು ಊಟ ಸೇರಲಿಲ್ಲ ನಂಗೆ.

ಇದು ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಮರ, ಮಳೆ ತೇವ ನೆರಳು ಎಲ್ಲಾ ಬೇಕು ಇದಕ್ಕೆ, ಅದು ನಂಗೆ ಗೊತ್ತಿತ್ತು. ಗಂಡು ಹೆಣ್ಣು ಬೇರೆ ಬೇರೆ ಮರ ಅನ್ನೋದೂ ಗೊತ್ತಿತ್ತು. ಬೀಜದ ಗಿಡ ಆದ್ರೆ ಹೆಚ್ಚುಕಮ್ಮಿ ಅರ್ಧ ಗಂಡೇ ಆಗ್ತವೆ, ಹೂ ಬರೋಕೆ 6-8 ವರ್ಷ, ಅಲ್ಲೀವರೆಗೂ ಕಣ್ಣಿಗೆ ಗೊತ್ತಾಗಲ್ಲ. ಎಲೆ ನೋಡಿ ಹೇಳ್ತೀನಿ ಅನ್ನೋರ ಮಾತು ಕೇಳ್ಬೇಡಿ. ಹತ್ತು ಹೆಣ್ಣಿಗೆ ಒಂದು ಗಂಡು ಇದ್ರೆ ಸಾಕು, ನಂದು ಪೂರ್ತಿ ಉಲ್ಟಾ.

ನಾನು ನೋಡದೆ ಬಿಟ್ಟಿದ್ದು ಕಸಿ ಗಂಟು. ನಿಜವಾದ ಕಸಿ ಗಿಡದ ಕಾಂಡದಲ್ಲಿ, ಮಣ್ಣಿಂದ ಸ್ವಲ್ಪ ಮೇಲೆ, ಕೂಡಿಸಿದ ಗುರುತು ಇದ್ದೇ ಇರುತ್ತೆ, ಬೆರಳಾಡಿಸಿದ್ರೆ ಉಬ್ಬು ಸಿಗುತ್ತೆ. ನಂದು ಬುಡದಿಂದ ತುದಿವರೆಗೆ ನುಣ್ಣಗಿತ್ತು, ಅಂದ್ರೆ ಕಸಿನೇ ಅಲ್ಲ, ಬೀಜದ ಗಿಡ. ಇನ್ನೊಂದು, ಕಸಿಗೆ ಕಟ್ಟಿದ ಕುಡಿ, ಅಂದ್ರೆ ಚಿಗುರಿನ ತುಂಡು, ಮರದ ಯಾವ ಭಾಗದಿಂದ ತೆಗೆದಿದ್ದು ಅಂತಾನೂ ಕೇಳಿ, ಪಕ್ಕದ ರೆಂಬೆಯ ಕುಡಿ ಕಟ್ಟಿದ್ರೆ ಗಿಡ ನೆಟ್ಟಗೆ ಏಳದೆ ಅಡ್ಡಡ್ಡ ಹರಡ್ಕೊಳುತ್ತೆ, ನೇರ ಚಿಗುರಿಂದು ಆದ್ರೆ ಮರದ ಥರ ಎತ್ತರ ಹೋಗುತ್ತೆ. ಆಗೋದಾದ್ರೆ ಕಾಯಿ ಬಿಡ್ತಿರೋ ತಾಯಿಮರಾನೇ ತೋರ್ಸಿ ಅನ್ನಿ.

ಈಗ ಒಂದು ಗಂಡು ಉಳಿಸ್ಕೊಂಡು ಏಳನ್ನ ಮೇಲಿಂದ ಕಡಿಸಿದೀನಿ, ಹೊಸ ಚಿಗುರಿಗೆ ನಮ್ಮದೇ ಹೆಣ್ಣು ಮರದ ಕುಡಿ ಕಸಿ ಕಟ್ಟಿದೀವಿ. ಸದ್ಯಕ್ಕೆ ಮೂರು ಹಿಡಿದಿವೆ.