ಟೋರಿಬ್ಯಾಶ್: 20 ಕೀಲುಗಳ ಕಾಳಗ ಕಲಿಯುವ ಪಾಡು

ಟೋರಿಬ್ಯಾಶ್ ಎಂಬ ಕಂಪ್ಯೂಟರ್ ಕಾಳಗದ ಆಟದಲ್ಲಿ ಗುದ್ದುವುದಕ್ಕೆ ಗುಂಡಿ ಇಲ್ಲ. ಒದೆಯುವುದಕ್ಕೂ ಇಲ್ಲ, ತಡೆಯುವುದಕ್ಕೂ ಇಲ್ಲ, ಒಂದು ಹೆಜ್ಜೆ ಹಿಂದೆ ಸರಿಯುವುದಕ್ಕೂ ಇಲ್ಲ. ಪರದೆಯ ಮೇಲೆ ಒಂದು ದೇಹ ನಿಂತಿರುತ್ತದೆ. ಕುತ್ತಿಗೆಯಿಂದ ಕಾಲ್ಗಿಣ್ಣಿನವರೆಗೆ ಅದಕ್ಕೆ 20 ಕೀಲುಗಳು. ಒಂದೊಂದು ಕೀಲಿಗೂ ನಾಲ್ಕು ಸ್ಥಿತಿಗಳಿವೆ: ಮಡಚುವುದು, ಚಾಚುವುದು, ಇದ್ದಲ್ಲೇ ಬಿಗಿಹಿಡಿಯುವುದು, ಸಡಿಲ ಬಿಡುವುದು. ಆಟಗಾರರ ಕೈಗೆ ಸಿಗುವ ಬಂಡವಾಳ ಇಷ್ಟೇ. ಇದರಿಂದಲೇ ಎದುರಾಳಿಯನ್ನು ಹೊಡೆಯಬೇಕು, ಎತ್ತಿ ಒಗೆಯಬೇಕು, ಎಲ್ಲಕ್ಕಿಂತ ಮೊದಲು ತಾನು ಬೀಳದೆ ನಿಲ್ಲಬೇಕು.

ಈ ಆಟ ನನಗೆ ಬಹಳ ಇಷ್ಟ. ಆದರೆ ಆ ಇಷ್ಟ ಹುಟ್ಟುವುದಕ್ಕೆ ಎಷ್ಟು ಕಾಲ ಹಿಡಿಯಿತು, ಏಕೆ ಹಿಡಿಯಿತು ಎಂಬುದನ್ನು ಹೇಳದೆ ಇದನ್ನು ಯಾರಿಗೂ ಶಿಫಾರಸು ಮಾಡಲಾರೆ. ಅರ್ಧ ಗಂಟೆ ಆಡಿ ಅಳಿಸಿಹಾಕಿದವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಅವರು ಸೋಮಾರಿಗಳಲ್ಲ. ಈ ಆಟ ಕಲಿಯುವವರ ಕೈಹಿಡಿದು ನಡೆಸುವುದಿಲ್ಲ, ಅಷ್ಟೇ.

ನಬಿ ಸ್ಟುಡಿಯೋಸ್ ಎಂಬ ಸಂಸ್ಥೆ ಇದನ್ನು 2006ರಲ್ಲಿ ಹೊರತಂದಿತು. 2014ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೂ ಬಂತು. ಉಚಿತವಾಗಿ ಆಡಬಹುದು. ಒಳಗೊಂದು ಅಂಗಡಿಯೂ ಇದೆ. ಅಲ್ಲಿ ಕೊಳ್ಳುವ ಬಣ್ಣ, ಅಲಂಕಾರಗಳು ನೋಟಕ್ಕೆ ಮಾತ್ರ, ಅವುಗಳಿಂದ ದೇಹಕ್ಕೆ ಒಂದು ಗುಲಗಂಜಿಯಷ್ಟು ಬಲವೂ ಹೆಚ್ಚುವುದಿಲ್ಲ. ಈ ವಿಷಯದಲ್ಲಿ ತಯಾರಕರು ಪ್ರಾಮಾಣಿಕರು.

ಆಟ ನಡೆಯುವುದು ಸರದಿಗಳಲ್ಲಿ. ಕಾಲ ನಿಂತಿರುತ್ತದೆ. ಇಬ್ಬರೂ ತಮ್ಮ ತಮ್ಮ ಕೀಲುಗಳನ್ನು ಮೌಸಿನಿಂದ ಒತ್ತಿ ಹೊಂದಿಸಿಕೊಳ್ಳುತ್ತಾರೆ, ಸ್ಪೇಸ್ ಒತ್ತುತ್ತಾರೆ, ಕಾಲ ಚೂರೇ ಚೂರು ಮುಂದೆ ಸರಿದು ಮತ್ತೆ ನಿಲ್ಲುತ್ತದೆ. ಸಾಮಾನ್ಯ ಏರ್ಪಾಡಿನಲ್ಲಿ ಒಂದು ಸರದಿ ಎಂದರೆ 10 ಫ್ರೇಮ್, ಪರದೆಯ ಮೇಲೆ ಒಂದರ ಹಿಂದೊಂದು ಬರುವ 10 ಚಿತ್ರಗಳು. ಅಷ್ಟರಲ್ಲಿ ಒಂದು ಗುದ್ದು ಪೂರ್ತಿಯಾಗುವುದಿಲ್ಲ. ತೋಳು ಹೊರಟಿರುತ್ತದೆ, ಸೊಂಟ ಇನ್ನೂ ತಿರುಗುತ್ತಿರುತ್ತದೆ, ತೂಕ ಯಾವ ಕಾಲಿನ ಮೇಲೆ ಬೀಳುತ್ತದೆ ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಮುಂದಿನ ಸರದಿಯಲ್ಲಿ ಅದನ್ನು ನಾವೇ ತೀರ್ಮಾನಿಸಬೇಕು. ಇಷ್ಟು ನಿಧಾನದ ಕಾಳಗ, ಆದರೆ ಎಲ್ಲ ಮುಗಿದ ಮೇಲೆ ಪೂರ್ತಿ ವೇಗದಲ್ಲಿ ಮರುಪ್ರದರ್ಶನ ಓಡಿದಾಗ ಕೆಲವೇ ಸೆಕೆಂಡುಗಳಲ್ಲಿ ಮಿಂಚಿ ಹೋಗಿರುತ್ತದೆ.

ನಾನು ಕಾಳಗದ ಆಟಗಳನ್ನು ಚಿಕ್ಕಂದಿನಿಂದ ಆಡಿಕೊಂಡು ಬಂದವಳು. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಕೆಳಗೆ, ಓರೆಗೆ, ಮುಂದಕ್ಕೆ ಎಂದು ಜಾಯ್‌ಸ್ಟಿಕ್ ಹೊರಳಿಸಿ ಗುದ್ದಿನ ಗುಂಡಿ ಒತ್ತಿದರೆ ರ‍್ಯೂ ಬೆಂಕಿಯುಂಡೆ ಎಸೆಯುತ್ತಾನೆ. ಟೆಕ್ಕೆನ್‌ನಲ್ಲಿ ನಾಲ್ಕು ಗುಂಡಿಗಳು, ಎರಡು ಕೈಗೆ ಎರಡು ಕಾಲಿಗೆ. ಇವೆಲ್ಲ ನನ್ನ ಬೆರಳುಗಳಿಗೆ ಗೊತ್ತು, ತಲೆಗೆ ಕೇಳಬೇಕಾಗಿಲ್ಲ. ಆ ಆಟಗಳಲ್ಲಿ ಕಲಿಯುವುದೆಂದರೆ ಯಾವ ಪಟ್ಟನ್ನು ಯಾವಾಗ ಹಾಕಬೇಕು ಎಂಬುದನ್ನು. ಪಟ್ಟು ಮಾತ್ರ ಮೊದಲೇ ಸಿದ್ಧವಾಗಿರುತ್ತದೆ. ಒದೆಯುವಾಗ ಇನ್ನೊಂದು ಕಾಲು ಎಲ್ಲಿರಬೇಕು, ಬೆನ್ನು ಎಷ್ಟು ಬಾಗಬೇಕು, ಹೊಡೆದ ಮೇಲೆ ದೇಹ ಹೇಗೆ ನೆಟ್ಟಗಾಗಬೇಕು ಎಂಬುದನ್ನೆಲ್ಲ ಚಿತ್ರ ಬರೆದವರು ನಮಗಾಗಿ ಯೋಚಿಸಿಟ್ಟಿರುತ್ತಾರೆ. ಟೋರಿಬ್ಯಾಶ್‌ನಲ್ಲಿ ಯಾರೂ ಏನನ್ನೂ ಬರೆದಿಟ್ಟಿಲ್ಲ. ಇಲ್ಲಿ ಕಾಳಗಕ್ಕೂ ಮೊದಲು ಚಲನೆಯನ್ನೇ ಕಟ್ಟಬೇಕು. ಬೇರೆ ಆಟಗಳಲ್ಲಿ ಗಳಿಸಿದ ಚುರುಕು, ಸಮಯಪ್ರಜ್ಞೆ, ಬೆರಳುಗಳ ನೆನಪು ಇಲ್ಲಿ ಒಂದಿಷ್ಟೂ ನೆರವಿಗೆ ಬರಲಿಲ್ಲ.

ಹೊಸಬರೆಲ್ಲ ಮೊದಲು ಕಲಿಯುವ ಒಂದು ಹೊಡೆತವಿದೆ. ಕೀಲಿಮಣೆಯ ಸಿ ಒತ್ತಿ ಎಲ್ಲ ಕೀಲುಗಳನ್ನೂ ಬಿಗಿಹಿಡಿಯುವುದು, ಎದೆಯ ಎರಡು ಪಕ್ಕಗಳ ಕೀಲುಗಳನ್ನು ಮಡಚುವುದು. ಎರಡೂ ತೋಳುಗಳು ರಭಸದಿಂದ ಮುಂದೆ ಬಂದು ಚಪ್ಪಾಳೆಯಾಗಿ ಕೂಡುತ್ತವೆ. ಎದುರಾಳಿ ನಡುವೆ ಸಿಕ್ಕರೆ ಅವನಿಗೆ ಪೆಟ್ಟು. ಹಳೆಯ ಆಟಗಾರರು ಇದನ್ನು ನೂಬ್ ಕ್ಲ್ಯಾಪ್, ಎಂದರೆ ಹೊಸಬರ ಚಪ್ಪಾಳೆ, ಎನ್ನುತ್ತಾರೆ. ಇದರಿಂದ ಕೆಲವು ಪಂದ್ಯಗಳನ್ನು ಗೆಲ್ಲಬಹುದು, ನಾನೂ ಗೆದ್ದೆ. ನನ್ನನ್ನು ಆಟದಿಂದ ದೂರ ತಳ್ಳಿದ್ದು ಈ ಗೆಲುವುಗಳೇ. ಸೋತರೆ ನನಗೆ ಬೇಸರವಿಲ್ಲ. ಕಾಳಗದ ಆಟಗಳಲ್ಲಿ ಸೋಲು ದಿನನಿತ್ಯದ ಮಾತು. ಆದರೆ ಏಕೆ ಗೆದ್ದೆ ಎಂದು ತಿಳಿಯದೆ ಗೆಲ್ಲುವುದು ಸಹಿಸಲಾಗದ ಸಂಗತಿ. ಎದುರಾಳಿ ತಾನಾಗಿ ಮುಗ್ಗರಿಸಿ ತಲೆಯನ್ನು ನೆಲಕ್ಕೆ ಬಡಿದುಕೊಂಡರೂ ಅಂಕ ನನಗೇ. ಆ ಅಂಕಗಳನ್ನು ನೋಡಿದರೆ ಖುಷಿಯಾಗುವುದಿರಲಿ, ನಾನು ಅಲ್ಲಿದ್ದೆನೇ ಎಂಬ ಅನುಮಾನ ಬರುತ್ತಿತ್ತು.

ದಾರಿ ತೆರೆದದ್ದು ನನ್ನ ತಮ್ಮನಿಂದ. ಅವನು ಕಾಳಗದ ಆಟಗಳನ್ನು ಎಂದೂ ಆಡಿದವನಲ್ಲ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದವನು, ನನ್ನ ಬೊಂಬೆ ಬಲಗೈ ಬೀಸಿದಾಗಲೆಲ್ಲ ಪಕ್ಕಕ್ಕೆ ಉರುಳುವುದನ್ನು ಗಮನಿಸಿ, "ಅಕ್ಕಾ, ನೀನು ಕಾಲನ್ನೇ ಸರಿಮಾಡುತ್ತಿದ್ದೀಯೆ. ಅದನ್ನು ಬೀಳಿಸುತ್ತಿರುವುದು ಕೈ" ಎಂದ. ನಿಜ. ತೋಳು ಒಂದು ಕಡೆ ಬೀಸಿದರೆ ಮುಂಡ ಇನ್ನೊಂದು ಕಡೆ ತಿರುಗುತ್ತದೆ, ಪಾದಕ್ಕೆ ನೆಲದ ಹಿಡಿತ ತಪ್ಪುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೆಯ ನಿಯಮ. ಆದರೆ ಯಾವ ಕಾಳಗದ ಆಟವೂ ಅದನ್ನು ನನ್ನ ಮುಂದೆ ಹೀಗೆ ತಂದು ನಿಲ್ಲಿಸಿರಲಿಲ್ಲ. ಬಲಗೈ ಬೀಸುವಾಗ ಎಡಗೈಯನ್ನು ಹಿಂದಕ್ಕೆ ಚಾಚಿದೆ, ಸೊಂಟವನ್ನು ಎದುರು ದಿಕ್ಕಿಗೆ ಬಾಗಿಸಿದೆ, ಕಾಲ್ಗಿಣ್ಣುಗಳನ್ನು ಬಿಗಿಹಿಡಿದೆ. ಬೊಂಬೆ ಹೊಡೆಯಿತು, ತೂಗಾಡಿತು, ನಿಂತಿತು. ಅದು ಬಹಳ ಪೆಚ್ಚು ಹೊಡೆತ, ಎದುರಾಳಿಗೆ ತಾಗಿದ್ದೂ ಅಷ್ಟಕ್ಕಷ್ಟೇ. ಆದರೂ ಟೋರಿಬ್ಯಾಶ್‌ನಲ್ಲಿ ನಾನು ಹೊಡೆದ ಮೊದಲ ಏಟು ಅದೇ ಎಂದು ಲೆಕ್ಕ ಹಿಡಿಯುತ್ತೇನೆ, ಏಕೆಂದರೆ ಅದರ ಪ್ರತಿಯೊಂದು ಭಾಗಕ್ಕೂ ಕಾರಣ ನನಗೆ ಗೊತ್ತಿತ್ತು.

ಆಮೇಲೆ ಒಂದೊಂದೇ ಗುಟ್ಟು ಬಿಡಿಸಿಕೊಂಡಿತು. ಕೀಲಿಗೆ ಅರ್ಧ ಬಲ ಎಂಬುದಿಲ್ಲ. ಮೊಣಕಾಲನ್ನು ಚಾಚು ಎಂದರೆ ಅದು ತನ್ನ ಶಕ್ತಿಯನ್ನೆಲ್ಲ ಹಾಕಿ ಕೊನೆಯವರೆಗೆ ಚಾಚುತ್ತದೆ. ಸ್ವಲ್ಪ ಮಾತ್ರ ಬೇಕಾದರೆ ಒಂದು ಸರದಿ ಚಾಚಲು ಬಿಟ್ಟು ಮುಂದಿನ ಸರದಿಯಲ್ಲಿ ಬಿಗಿಹಿಡಿಯಬೇಕು. ಎಂದರೆ ಬಲವನ್ನು ಅಳೆಯಲು ಇಲ್ಲಿರುವ ಏಕೈಕ ಅಳತೆಗೋಲು ಕಾಲ. ಇನ್ನೊಂದು, ಸಡಿಲ ಬಿಡುವುದು ಸೋಲಿನ ಲಕ್ಷಣವಲ್ಲ. ಭುಜ ಮತ್ತು ಎದೆ ಜೋರಾಗಿ ತಿರುಗುತ್ತಿರುವಾಗ ಮೊಣಕೈಯನ್ನು ಸಡಿಲ ಬಿಟ್ಟರೆ ಮುಂಗೈ ಹಗ್ಗದ ತುದಿಗೆ ಕಟ್ಟಿದ ಕಲ್ಲಿನಂತೆ ಹಿಂದೆ ಉಳಿದು, ಆಮೇಲೆ ದುಪ್ಪಟ್ಟು ವೇಗದಲ್ಲಿ ಬೀಸಿ ಬರುತ್ತದೆ. ತಾಗುವ ಸರದಿಗೆ ಸರಿಯಾಗಿ ಬಿಗಿಹಿಡಿದರೆ ದೇಹದ ತೂಕವೂ ಅದರ ಬೆನ್ನಿಗೆ ನಿಲ್ಲುತ್ತದೆ. ಆರಂಭದಲ್ಲಿ ಎಲ್ಲವನ್ನೂ ಬಿಗಿಹಿಡಿದು ಆಡುವುದು ಎಲ್ಲರ ಅಭ್ಯಾಸ. ಯಾವ ಕೀಲನ್ನು ಯಾವಾಗ ಬಿಡಬಹುದು ಎಂದು ತಿಳಿದಂತೆಲ್ಲ ಬೊಂಬೆಗೆ ಜೀವ ಬರುತ್ತದೆ.

ಕಲಿಯುವವರಿಗೆ ಆಟ ಕೊಟ್ಟಿರುವ ಅತ್ಯುತ್ತಮ ಸಾಧನ ಮರುಪ್ರದರ್ಶನ. ಪಂದ್ಯವನ್ನು ಉಳಿಸಿಕೊಳ್ಳಬಹುದು, ಮತ್ತೆ ಓಡಿಸಬಹುದು, ಬೇಕಾದ ಫ್ರೇಮಿನಲ್ಲಿ ನಿಲ್ಲಿಸಿ ಅಲ್ಲಿಂದ ಮುಂದಕ್ಕೆ ಬೇರೆಯದೇ ದಾರಿ ಹಿಡಿಯಬಹುದು. ನನ್ನ ಮಟ್ಟಿಗೆ ಆಟದ ನಿಜವಾದ ಪಾಠಶಾಲೆ ಇದು. ಸೋತ ಒಂದು ಪಂದ್ಯವನ್ನು ತೆಗೆದುಕೊಂಡು, ನೆಲಕ್ಕೆ ಬೀಳುವುದಕ್ಕೆ ಕೆಲವು ಸರದಿಗಳ ಮುಂಚೆ ನಿಲ್ಲಿಸಿ, ಕೀಲುಗಳನ್ನು ಬದಲಾಯಿಸಿ ನೋಡುತ್ತಾ ಕುಳಿತರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ಬಿದ್ದದ್ದು ಕೊನೆಯಲ್ಲಾದರೂ ಬೀಳಲು ಶುರುವಾದದ್ದು ಎಷ್ಟೋ ಮೊದಲು ಎಂಬುದು ಆಗ ಕಾಣುತ್ತದೆ. ಕುತ್ತಿಗೆ ತಿರುಗಿಸಿದ್ದಕ್ಕೂ ಹಿಮ್ಮಡಿ ಎದ್ದದ್ದಕ್ಕೂ ಇರುವ ನಂಟನ್ನು ಹಾಗೆ ಹುಡುಕಿ ಹಿಡಿದಾಗ ಆಗುವ ಸಂತೋಷ, ಬೇರೆ ಆಟಗಳಲ್ಲಿ ದೊಡ್ಡ ಪಂದ್ಯ ಗೆದ್ದಾಗಲೂ ನನಗೆ ಆಗಿರಲಿಲ್ಲ.

ಒಂದು ಎಚ್ಚರಿಕೆ. ಕೀಲು ಹೊಂದಿಸುವಾಗ ದೇಹ ಮುಂದೆ ಎಲ್ಲಿರುತ್ತದೆ ಎಂದು ತೋರಿಸುವ ಮಸುಕು ನೆರಳೊಂದು ಕಾಣಿಸುತ್ತದೆ. ಒಬ್ಬರೇ ಅಭ್ಯಾಸ ಮಾಡುವಾಗ ಅದು ಹೇಳಿದ್ದೆಲ್ಲ ಸತ್ಯ. ಎದುರಾಳಿ ಇದ್ದಾಗ ಹಾಗಲ್ಲ. ಅವನು ಈ ಸರದಿಯಲ್ಲಿ ಏನು ಬದಲಾಯಿಸಲಿದ್ದಾನೆ ಎಂಬುದು ಆ ನೆರಳಿಗೆ ತಿಳಿಯದು. ಇಬ್ಬರ ಮೈ ಒಂದಕ್ಕೊಂದು ತಾಗಿದ ಮೇಲೆ ನೆರಳನ್ನು ನಂಬಿ ಆಡುವವರು ಕೆಡುತ್ತಾರೆ.

ಈ ಆಟದಲ್ಲಿ ನಿಯಮಗಳೂ ಒಂದೇ ಬಗೆಯಲ್ಲ. ಗುರುತ್ವ, ಆಟಗಾರರ ನಡುವಿನ ಅಂತರ, ಸರದಿಯ ಉದ್ದ, ಅಂಗ ತುಂಡಾಗುವ ಮಿತಿ ಎಲ್ಲವನ್ನೂ ಬದಲಿಸುವ ಮಾಡ್‌ಗಳಿವೆ. ಜೌಸ್ಟಿಂಗ್ ಎಂಬ ಮಾಡ್‌ನಲ್ಲಿ ಇಬ್ಬರನ್ನೂ ಎದುರುಬದುರಾಗಿ ರಭಸದಿಂದ ನುಗ್ಗಿಸುತ್ತಾರೆ. ನೋಡಲು ಮಜಾ, ಕಲಿಯಲು ಹೆಚ್ಚೇನಿಲ್ಲ. ಹೊಸಬರು ಐಕಿಡೋ ಎಂಬ ಮಾಡ್ ಹಿಡಿಯಲಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅಲ್ಲಿ ಅಂಗೈ, ಪಾದಗಳನ್ನು ಬಿಟ್ಟು ದೇಹದ ಬೇರಾವ ಭಾಗ ನೆಲಕ್ಕೆ ತಾಗಿದರೂ ಸೋಲು. ಕೈಗಳಿಂದ ಎದುರಾಳಿಯನ್ನು ಹಿಡಿಯಬಹುದು. ಹೀಗಾಗಿ ಇಡೀ ಪಂದ್ಯ ತೂಕದ ಮೇಲೆ ನಿಲ್ಲುತ್ತದೆ: ಯಾರು ಯಾರನ್ನು ಎಳೆಯುತ್ತಿದ್ದಾರೆ, ಯಾರ ಕಾಲು ಹಗುರವಾಗಿದೆ. ಸೋತರೂ ಕಾರಣ ಕಣ್ಣಿಗೆ ಕಾಣುತ್ತದೆ.

ಇನ್ನು ದೂರುಗಳು. ಆಟದೊಳಗಿನ ಪಾಠಗಳು ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಹೇಳಿಕೊಡುತ್ತವೆ, ಬೊಂಬೆಗೆ ಹೊಡೆಯುವುದನ್ನೂ ತೋರಿಸುತ್ತವೆ. ತೂಕ ಹೇಗೆ ಸಾಗುತ್ತದೆ, ಏಕೆ ಬೀಳುತ್ತೇವೆ ಎಂಬ ಮುಖ್ಯ ವಿಷಯಕ್ಕೆ ಬಂದಾಗ ನಮ್ಮನ್ನು ನಡುದಾರಿಯಲ್ಲಿ ಬಿಟ್ಟುಬಿಡುತ್ತವೆ. ಇಷ್ಟು ಆಳವಾದ ಆಟಕ್ಕೆ ಇದು ಅನ್ಯಾಯ. ಮರುಪ್ರದರ್ಶನವನ್ನು ನಿಲ್ಲಿಸಿ ತಿದ್ದಿ ಕಲಿಯಬಹುದು ಎಂಬುದನ್ನು ಮೊದಲ ಪಾಠದಲ್ಲೇ ಹೇಳಿದ್ದರೆ ಎಷ್ಟೋ ಜನ ಉಳಿದುಕೊಳ್ಳುತ್ತಿದ್ದರು. ಕ್ಯಾಮೆರಾವನ್ನು ಸದಾ ಸುತ್ತಿಸುತ್ತಲೇ ಇರಬೇಕು. ಒಂದೇ ಕೋನದಿಂದ ನೋಡಿದರೆ ಎದುರಾಳಿಯ ತಲೆ ನಿಮ್ಮ ಮುಷ್ಟಿಗೆ ಎದುರಿಗಿದೆಯೋ ಪಕ್ಕದಲ್ಲಿದೆಯೋ ತಿಳಿಯುವುದೇ ಇಲ್ಲ. ಆನ್‌ಲೈನ್ ಕೋಣೆಗಳಲ್ಲಿ ಗೆದ್ದವರು ಉಳಿಯುತ್ತಾರೆ, ಸೋತವರು ಸಾಲಿನ ಕೊನೆಗೆ ಹೋಗುತ್ತಾರೆ. ಕಲಿಯುವವರು ಬೇಗ ಸೋಲುತ್ತಾರೆ, ಆದ್ದರಿಂದ ಅವರ ಪಾಲಿಗೆ ಆಡುವುದಕ್ಕಿಂತ ಕಾಯುವುದೇ ಹೆಚ್ಚು. ಸರದಿಗೆ ಸಮಯದ ಮಿತಿಯೂ ಇರುವುದರಿಂದ 20 ಕೀಲುಗಳನ್ನು ನೋಡಿ ಮುಗಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಕಾಯುವ ಹೊತ್ತನ್ನು ನೋಡುವುದಕ್ಕೆ ಬಳಸಿಕೊಂಡರೆ ಲಾಭವಿದೆ. ನುರಿತವರು ಒಂದು ಸರದಿಯಲ್ಲಿ ಎರಡು ಮೂರು ಕೀಲುಗಳನ್ನಷ್ಟೇ ಮುಟ್ಟುತ್ತಾರೆ, ಉಳಿದವು ಮೊದಲೇ ಎಲ್ಲಿರಬೇಕೋ ಅಲ್ಲಿರುತ್ತವೆ. ಒಮ್ಮೆ ಅಪರಿಚಿತ ಆಟಗಾರರೊಬ್ಬರು ಪಂದ್ಯ ಮುಗಿದ ಮೇಲೂ ಉಳಿದು, ನಾನು ಹಿಂಗಾಲಿನ ಗಿಣ್ಣನ್ನು ಸಡಿಲಿಸುವ ಸರದಿ ಯಾವುದು, ಅದರಿಂದ ಏನು ಕೆಡುತ್ತಿದೆ ಎಂದು ಬಿಡಿಸಿ ಬರೆದರು. ಅಂಥವರು ಇಲ್ಲಿ ಇದ್ದಾರೆ. ಹೊಸಬರ ಚಪ್ಪಾಳೆಯನ್ನು ಕಂಡು ಹೀಯಾಳಿಸುವವರೂ ಇದ್ದಾರೆ; ಅವರ ಕೋಣೆಯಿಂದ ಎದ್ದು ಬಂದರೆ ನಷ್ಟವೇನಿಲ್ಲ. ಆಟಗಾರರ ದರ್ಜೆ ತೋರಿಸುವ ಸೊಂಟಪಟ್ಟಿಯ ಬಣ್ಣ ಏರುವುದು ಆಡಿದ ಪಂದ್ಯಗಳ ಲೆಕ್ಕದ ಮೇಲೆ. ಈ ಏರ್ಪಾಡು ನನಗೆ ಸರಿಯೆನಿಸುತ್ತದೆ. ಕಲಿಯುವ ಕಾಲದ ಸೋಲುಗಳಿಗೂ ಅಲ್ಲಿ ಬೆಲೆಯಿದೆ.

ರಕ್ತದ ವಿಷಯ ಹೇಳಲೇಬೇಕು. ಪೆಟ್ಟು ಜೋರಾದರೆ ಕೈಕಾಲು ಕಳಚಿ ಬೀಳುತ್ತವೆ, ತಲೆಯೂ ಹಾರುತ್ತದೆ. ದೇಹಗಳಿಗೆ ಮುಖವಿಲ್ಲ, ಮಾತಿಲ್ಲ, ಹಾಗಾಗಿ ನನಗೆ ಅದು ಬೇಗ ಒಗ್ಗಿತು. ರಕ್ತ ಕಾಣಿಸದಂತೆ ಆಯ್ಕೆಗಳಲ್ಲಿ ಬದಲಿಸಿಬಿಡಬಹುದು. ನಾನು ಹಾಗೆ ಮಾಡಿಯೇ ಆಡುತ್ತೇನೆ. ಆದರೂ ಚಿಕ್ಕ ಮಕ್ಕಳ ಕೈಗೆ ಕೊಡುವ ಆಟ ಇದಲ್ಲ.

ಸರದಿಯ ಕಾಳಗ ಬೇಕು, ಇಷ್ಟು ಕಷ್ಟ ಬೇಡ ಎನ್ನುವವರಿಗೆ ಯುವರ್ ಓನ್ಲಿ ಮೂವ್ ಈಸ್ ಹಸಲ್ ಎಂಬ ಆಟ ಇದೆ. ಅಲ್ಲಿಯೂ ಕಾಲ ನಿಂತು ಯೋಚಿಸಲು ಬಿಡುತ್ತದೆ, ಆದರೆ ಪಟ್ಟುಗಳು ಪಟ್ಟಿಯಲ್ಲಿ ಸಿದ್ಧವಾಗಿರುತ್ತವೆ. ಎದುರಾಳಿಯ ಮನಸ್ಸನ್ನು ಊಹಿಸುವುದೇ ಮುಖ್ಯ. ಒಂದೇ ಏಟಿಗೆ ಪಂದ್ಯ ಮುಗಿಯುವ ಬಿಗುವು ಇಷ್ಟವಾದರೆ 1997ರ ಬುಶಿಡೋ ಬ್ಲೇಡ್ ಈಗಲೂ ಆಡತಕ್ಕದ್ದು. ಎರಡೂ ಒಳ್ಳೆಯ ಆಟಗಳು. ಆದರೆ ನಿಂತುಕೊಳ್ಳುವುದನ್ನೇ ಒಂದು ವಿದ್ಯೆಯಾಗಿ ಕಲಿಸುವುದು ಟೋರಿಬ್ಯಾಶ್ ಮಾತ್ರ.

ಶುರುಮಾಡುವವರು ಮೊದಲು ಕೋಣೆಗಳಿಗೆ ಹೋಗದೆ, ಸುಮ್ಮನೆ ನಿಂತಿರುವ ಬೊಂಬೆಯೊಡನೆ ಸಾಕಷ್ಟು ಕಾಲ ಕಳೆಯಲಿ. ಹೊಡೆಯಲೇಬೇಕೆಂದಿಲ್ಲ, ಒಂದು ಹೆಜ್ಜೆ ಇಟ್ಟು ಬೀಳದೆ ನಿಲ್ಲಿಸಿದರೆ ಅದೇ ದೊಡ್ಡ ಕೆಲಸ. ನನ್ನ ತಮ್ಮ ಇವತ್ತಿಗೂ ಪಂದ್ಯ ಆಡುವುದಿಲ್ಲ, ಬೊಂಬೆಯನ್ನು ಲಾಗ ಹಾಕಿಸಿ ಎರಡು ಕಾಲಿನ ಮೇಲೆ ಇಳಿಸುವುದರಲ್ಲೇ ಮುಳುಗಿದ್ದಾನೆ. ನಾನು ಈಗ ಐಕಿಡೋದಲ್ಲಿ ಸಿಕ್ಕಿಕೊಂಡಿದ್ದೇನೆ: ಎದುರಾಳಿಯ ತೋಳನ್ನು ಹಿಡಿದ ಮೇಲೆ ನನ್ನ ಹಿಂಗಾಲನ್ನು ಸರಿಸಲು ಹೋದರೆ ಅವನ ತೂಕವೆಲ್ಲ ನನ್ನ ಮೇಲೆ ಬರುತ್ತದೆ. ತಮ್ಮನಿಗೆ ಇದಕ್ಕೊಂದು ಉಪಾಯ ಹೊಳೆದಿದೆಯಂತೆ. ಅವನು ಬಾಯಿಬಿಡುವ ಮೊದಲು ನಾನೇ ಕಂಡುಕೊಳ್ಳಬೇಕೆಂದು ಹಟ ಹಿಡಿದಿದ್ದೇನೆ.