ಮಾಮೂಲಿ ಬಿಳಿ ಪೇಸ್ಟು: ಮನೆಮಂದಿಗೆಲ್ಲ ಒಂದೇ ಟ್ಯೂಬ್ ಸಾಕೇ?

ಸಾಕು. ಟ್ಯೂಬಿನ ಹಿಂಬದಿ ಓದಿ ತಂದಿರಬೇಕು, ಯಾರಿಗೆ ಎಷ್ಟು ಹಾಕಬೇಕೆಂದು ಗೊತ್ತಿರಬೇಕು, ಅಷ್ಟೇ. ಅಂಗಡಿಯಲ್ಲಿ ಇವತ್ತು ಮಕ್ಕಳಿಗೊಂದು, ಅಜ್ಜಿಗೊಂದು, ಹಲ್ಲು ಬೆಳ್ಳಗಾಗಲು ಇನ್ನೊಂದು ಅಂತ ಸಾಲುಸಾಲು ಡಬ್ಬಿಗಳಿವೆ. ಆದರೆ ಹೆಚ್ಚಿನ ಮನೆಗಳಿಗೆ ಕಾಲ್ಗೇಟ್ ಸ್ಟ್ರಾಂಗ್ ಟೀತ್‌ನಂಥ ಸಾಧಾರಣ ಬಿಳಿ ಫ್ಲೋರೈಡ್ ಪೇಸ್ಟೇ ಸರಿಯಾದ ಆಯ್ಕೆ.

ಹಿಂಬದಿಯಲ್ಲಿ ನೋಡಬೇಕಾದ್ದು ಒಂದೇ ಸಾಲು: ಹುಳುಕು ತಡೆಯುವ ಫ್ಲೋರೈಡ್ ಎಷ್ಟು ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಇದೆ. ನಮ್ಮ ದೇಶದ ನಿಯಮದಂತೆ ಅಂಗಡಿಯ ಪೇಸ್ಟಿನಲ್ಲಿ ಅದು 1000 ಪಿಪಿಎಂ ಮೀರುವಂತಿಲ್ಲ. ಆ ಅಂಕಿಯನ್ನು ಟ್ಯೂಬಿನ ಮೇಲೂ ರಟ್ಟಿನ ಡಬ್ಬಿಯ ಮೇಲೂ ಅಚ್ಚು ಹಾಕಲೇಬೇಕು. ಹುಳುಕು ತಡೆಯಲು ಬೇಕಾದ್ದೂ ಹೆಚ್ಚುಕಡಿಮೆ ಅಷ್ಟೇ. ಬರೀ ಶೇಕಡಾ ಲೆಕ್ಕ ಕಂಡರೆ ಹೀಗೆ ತಿಳಿಯಿರಿ: ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ 0.76% ಇದ್ದರೂ ಸರಿ, ಸೋಡಿಯಂ ಫ್ಲೋರೈಡ್ 0.22% ಇದ್ದರೂ ಸರಿ, ಎರಡೂ ಸುಮಾರು 1000 ಪಿಪಿಎಂಗೆ ಸಮ. ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಳಿ ಪೇಸ್ಟಿನಲ್ಲಿ ಮೊದಲನೆಯದೇ ಇರುತ್ತದೆ. ಅದಕ್ಕೆ ಕಾರಣವಿದೆ. ಸಾದಾ ಸೋಡಿಯಂ ಫ್ಲೋರೈಡನ್ನು ಕ್ಯಾಲ್ಸಿಯಂ ಜೊತೆ ಬೆರೆಸಿದರೆ ಟ್ಯೂಬಿನೊಳಗೇ ಎರಡೂ ಅಂಟಿಕೊಂಡು ಹಲ್ಲಿಗೆ ಏನೂ ಉಳಿಯುವುದಿಲ್ಲ. ಮಾನೋಫ್ಲೋರೋಫಾಸ್ಫೇಟ್ ಆದರೆ ಬಾಯಿಯೊಳಗೆ ಎಂಜಲಿನ ಕಿಣ್ವ ಸೋಕಿದ ಮೇಲೆ ಫ್ಲೋರೈಡ್ ಬಿಟ್ಟುಕೊಡುತ್ತದೆ. ಅದೂ ಕಾಲ ಕಳೆದಂತೆ, ಬಿಸಿಲಲ್ಲಿ ಇಟ್ಟಂತೆ ಕುಗ್ಗುತ್ತದೆ. ಹಾಗಾಗಿ ರಿಯಾಯಿತಿ ಇದೆಯೆಂದು ವರ್ಷಕ್ಕಾಗುವಷ್ಟು ತಂದು ಅಟ್ಟಕ್ಕೆ ಹಾಕಬೇಡಿ, ತಾರೀಕು ನೋಡಿ ತನ್ನಿ. ಟ್ಯೂಬಿನ ಬಾಲದಲ್ಲಿರುವ ಹಸಿರು, ಕಪ್ಪು, ಕೆಂಪು ಚೌಕ ನೋಡಿ 'ಇದು ನೈಸರ್ಗಿಕ, ಇದು ಕೆಮಿಕಲ್' ಎಂದು ಹೇಳುವ ವಾಟ್ಸಾಪ್ ಸಂದೇಶ ಶುದ್ಧ ಸುಳ್ಳು. ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಚಬೇಕು ಎಂದು ಕಾರ್ಖಾನೆಯ ಯಂತ್ರಕ್ಕೆ ತೋರಿಸುವ ಗುರುತು ಅದು.

ಇನ್ನು ಪ್ರಮಾಣ. ಮನೆಗಳಲ್ಲಿ ತಪ್ಪುವುದೇ ಇಲ್ಲಿ. ಜಾಹೀರಾತಿನಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಅಲೆಯಲೆಯಾಗಿ ಪೇಸ್ಟು ಹರಿಸುತ್ತಾರೆ. ಅದು ಒಂದು ಗ್ರಾಮಿಗೂ ಹೆಚ್ಚು. ದೊಡ್ಡವರಿಗೆ ಬೇಕಾದ್ದು ಬಟಾಣಿ ಕಾಳಿನಷ್ಟು, ಸುಮಾರು ಕಾಲು ಗ್ರಾಂ. ಮೂರರಿಂದ ಆರು ವರ್ಷದ ಮಕ್ಕಳಿಗೂ ಬಟಾಣಿ ಕಾಳೇ ಮಿತಿ, ಅದಕ್ಕಿಂತ ಹೆಚ್ಚು ಬೇಡ. ಮೂರರೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಬ್ರಷ್ಷಿಗೆ ಬಳಿದಂತೆ. ಈ ಲೆಕ್ಕದಲ್ಲಿ 100 ಗ್ರಾಮಿನ ಟ್ಯೂಬಿನಿಂದ 400 ಸಲ ಹಲ್ಲುಜ್ಜಬಹುದು. ನಾಲ್ಕು ಜನ ದಿನಕ್ಕೆ ಎರಡು ಸಲ ಉಜ್ಜಿದರೂ 50 ದಿನ ಬರುತ್ತದೆ. ನಿಮ್ಮ ಮನೆಯಲ್ಲಿ ಹದಿನೈದೇ ದಿನಕ್ಕೆ ಮುಗಿಯುತ್ತಿದ್ದರೆ ಯಾರೋ ಜಾಹೀರಾತಿನಂತೆ ಹಿಂಡುತ್ತಿದ್ದಾರೆ ಎಂದೇ ಅರ್ಥ.

ಸಣ್ಣ ಮಕ್ಕಳಿಗೆ ಅಳತೆ ಯಾಕೆ ಮುಖ್ಯವೆಂದರೆ ಅವರು ಉಗುಳುವುದಕ್ಕಿಂತ ನುಂಗುವುದೇ ಜಾಸ್ತಿ. ಅಕ್ಕಿಕಾಳಿನಷ್ಟು ಪೇಸ್ಟಿನಲ್ಲಿ ಇರುವುದು ಸುಮಾರು 0.1 ಮಿಲಿಗ್ರಾಂ ಫ್ಲೋರೈಡ್. ನುಂಗಿದರೂ ಗಾಬರಿ ಬೇಡ. ಆದರೆ 100 ಗ್ರಾಮಿನ ಇಡೀ ಟ್ಯೂಬಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ತೂಕದ ಪ್ರತಿ ಕೆ.ಜಿ.ಗೆ 5 ಮಿಲಿಗ್ರಾಂ ಒಳಗೆ ಹೋದರೆ ಅಪಾಯವೆಂದು ವೈದ್ಯರು ಎಣಿಸುತ್ತಾರೆ. ಹನ್ನೆರಡು ಕೆ.ಜಿ.ಯ ಮಗುವಿಗೆ ಅದು 60 ಮಿಲಿಗ್ರಾಂ, ಅಂದರೆ ಅರ್ಧ ಟ್ಯೂಬಿಗಿಂತ ಸ್ವಲ್ಪ ಹೆಚ್ಚು. ಸ್ಟ್ರಾಬೆರಿ ರುಚಿಯ ಪೇಸ್ಟು ಮಗುವಿನ ಕೈಗೆಟಕುವಂತೆ ಇಡಲೇಬಾರದು. ಅಕಸ್ಮಾತ್ ತುಂಬಾ ತಿಂದರೆ ಹಾಲು ಕುಡಿಸಿ, ಅದರಲ್ಲಿರುವ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದಿಡುತ್ತದೆ. ಹಾಗೆಯೇ ಆಸ್ಪತ್ರೆಗೆ ಹೊರಡಿ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಬೇರೆ ಮಾತಿದೆ. ಅಲ್ಲಿ ಎಷ್ಟೋ ಕೊಳವೆಬಾವಿಗಳ ನೀರಿನಲ್ಲೇ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ದಾಟಿರುತ್ತದೆ. ಹಲ್ಲು ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವಾಗ ಅದು ಹೊಟ್ಟೆಗೆ ಹೋದರೆ ಆಮೇಲೆ ಹುಟ್ಟುವ ಹಲ್ಲಿನಲ್ಲಿ ಬಿಳಿ ಗೆರೆ, ಕಂದು ಪಟ್ಟಿ ಮೂಡುತ್ತವೆ. ಆಗಲೇ ಹುಟ್ಟಿರುವ ಹಲ್ಲಿಗೆ ಹಚ್ಚಿ ಉಗುಳಿದರೆ ಹಾಗಾಗುವುದಿಲ್ಲ. ಆ ಊರುಗಳಲ್ಲಿ ಮೊದಲು ಕುಡಿಯುವ ನೀರು ಬದಲಾಗಬೇಕು. ಆರು ವರ್ಷದೊಳಗಿನ ಮಗುವಿಗೆ ಯಾವ ಪೇಸ್ಟು ಎಂದು ದಂತವೈದ್ಯರನ್ನೇ ಕೇಳಿ. ಬೇರೆ ಕಡೆ 'ಮಕ್ಕಳ ಪೇಸ್ಟು' ಎಂಬ ಹೆಸರಿಗೆ ಮಾರುಹೋಗಬೇಡಿ. ಕೆಲವದರಲ್ಲಿ ಫ್ಲೋರೈಡ್ 500 ಪಿಪಿಎಂ ಆಸುಪಾಸು, ಕೆಲವದರಲ್ಲಿ ಇಲ್ಲವೇ ಇಲ್ಲ. ಬಣ್ಣ, ಬೊಂಬೆಗೆ ಕೊಟ್ಟ ದುಡ್ಡು ಅದು.

ಇನ್ನೊಂದು ಮಾತು ಎಲ್ಲ ತಂದೆತಾಯಿಗೂ ಗೊತ್ತಿರಬೇಕು. ಆರನೇ ವಯಸ್ಸಿನ ಹೊತ್ತಿಗೆ ಕೊನೆಯ ಹಾಲುಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಆ ಜಾಗದಲ್ಲಿ ಯಾವ ಹಾಲುಹಲ್ಲೂ ಬಿದ್ದಿರುವುದಿಲ್ಲವಾದ್ದರಿಂದ 'ಹಾಲುಹಲ್ಲು ತಾನೇ, ಹುಳ ಹಿಡಿದರೆ ಬಿದ್ದುಹೋಗುತ್ತೆ ಬಿಡು' ಎನ್ನುತ್ತಾರೆ. ಅದು ಶಾಶ್ವತ ಹಲ್ಲು. ಹೋದರೆ ಹೋಯಿತು, ಮತ್ತೆ ಬರುವುದಿಲ್ಲ. ಅರ್ಧ ಹುಟ್ಟಿರುವಾಗ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ನೇರ ಹಿಡಿದ ಬ್ರಷ್ಷು ಅದನ್ನು ಮುಟ್ಟುವುದೇ ಇಲ್ಲ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡ ತಿರುಗಿಸಿ ಆ ಒಂದೇ ಹಲ್ಲನ್ನು ಬೇರೆಯಾಗಿ ಉಜ್ಜಬೇಕು. ಮಗುವಿಗೆ ಏಳೆಂಟು ವರ್ಷ ಆಗುವವರೆಗೂ ಈ ಕೆಲಸ ದೊಡ್ಡವರದೇ.

ದೊಡ್ಡವರ ತಪ್ಪು ಬೇರೆ: ಬೆಳಿಗ್ಗೆ ಒಂದೇ ಸಲ ಉಜ್ಜುವುದು. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತುಂಬಾ ಕಡಿಮೆಯಾಗುತ್ತದೆ, ತೊಳೆಯುವವರಿಲ್ಲದ ಬಾಯಿಯಲ್ಲಿ ಆಮ್ಲ ರಾತ್ರಿಯಿಡೀ ಕೆಲಸ ಮಾಡುತ್ತದೆ. ಒಂದೇ ಸಲ ಆಗುವುದಾದರೆ ಅದು ರಾತ್ರಿಯದಾಗಲಿ. ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸಬೇಡಿ. ದುಡ್ಡು ಕೊಟ್ಟು ತಂದ ಫ್ಲೋರೈಡೆಲ್ಲ ಬಚ್ಚಲಿಗೆ ಹೋಗುತ್ತದೆ. ಮೆದು ಎಳೆಯ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣಗೆ ಅಲುಗಿಸುತ್ತಾ ಎರಡು ನಿಮಿಷ. ಪಾತ್ರೆ ತಿಕ್ಕುವ ಹಾಗೆ ಗಟ್ಟಿ ಬ್ರಷ್ಷಿನಿಂದ ಅಡ್ಡಡ್ಡ ತಿಕ್ಕುವವರಿಗೆ, ಇದ್ದಿಲು-ಉಪ್ಪು ಹಾಕಿ ಬೆರಳಲ್ಲಿ ಉಜ್ಜುವವರಿಗೆ ವಸಡಿನ ಅಂಚಿನಲ್ಲಿ ಹಲ್ಲಿಗೆ ಕೊಡಲಿ ಹಾಕಿದಂಥ ಕಚ್ಚು ಬೀಳುತ್ತದೆ. ಆಮೇಲೆ ತಣ್ಣೀರು ಸೋಕಿದರೂ ಜುಂ ಅನ್ನುತ್ತದೆ. ಅಂಥವರಿಗೆ ಸೆನ್ಸೊಡೈನ್‌ನಂಥ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟು ಒಪ್ಪುತ್ತದೆ. ಆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಎರಡೇ ದಿನಕ್ಕೆ ಬಿಟ್ಟರೆ ಪ್ರಯೋಜನವಿಲ್ಲ. ಹುಳುಕು ಹಲ್ಲಿನ ನೋವಿಗಂತೂ ಅದು ಮದ್ದಲ್ಲ.

ಉಜ್ಜುವಾಗ ವಸಡಿನಿಂದ ರಕ್ತ ಬಂದರೆ ಜನ ಆ ಜಾಗವನ್ನೇ ಬಿಟ್ಟುಬಿಡುತ್ತಾರೆ. ಆಗಬೇಕಾದ್ದು ಇದರ ತಿರುಗುಮುರುಗು. ರಕ್ತ ಬರುವುದೇ ಅಲ್ಲಿ ಪಾಚಿ ಕೂತು ವಸಡು ಊದಿಕೊಂಡಿದೆ ಎಂದು. ಮೆತ್ತಗೆ, ತಪ್ಪದೆ ಉಜ್ಜಿದರೆ ಒಂದೆರಡು ವಾರದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ಪಾಚಿ ಕಲ್ಲಾಗಿದೆ, ಅದನ್ನು ಯಾವ ಪೇಸ್ಟೂ ಕರಗಿಸದು, ಸ್ಕೇಲಿಂಗ್, ಅಂದರೆ ದಂತವೈದ್ಯರಿಂದ ಆ ಕಲ್ಲನ್ನು ಕೆರೆದು ತೆಗೆಸುವುದು, ಮಾಡಿಸಲೇಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದನ್ನು ಮುಂದೂಡಬೇಡಿ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಬಸುರಿಯರಿಗೂ ವಸಡು ಊದುವುದು ಸಾಮಾನ್ಯ, ಸ್ಕೇಲಿಂಗ್‌ಗೆ ಹೆದರಬೇಕಿಲ್ಲ. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಅನುಕೂಲವಾದ ಕಾಲ.

ಡಾಬರ್ ರೆಡ್‌ನಂಥ ಲವಂಗ, ಮೆಣಸು, ಶುಂಠಿಯ ಕೆಂಪು ಪೇಸ್ಟು ಬಾಯಿಗೆ ಚುರುಕು, ಉಸಿರಿಗೆ ಘಮ ಕೊಡುತ್ತದೆ, ಆದರೆ ಫ್ಲೋರೈಡ್ ಇಲ್ಲ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಎಷ್ಟೋ ಮನೆಗಳ ಅಭ್ಯಾಸ, ಅದರ ಮೇಲಿನ ಅಕ್ಕರೆ ಅರ್ಥವಾಗುವಂಥದ್ದು. ಬೆಳಿಗ್ಗೆ ಪುಡಿಯೇ ಇರಲಿ, ರಾತ್ರಿ ಫ್ಲೋರೈಡ್ ಪೇಸ್ಟು ಹಚ್ಚಿ. ಹೊಗೆಸೊಪ್ಪು ಹುರಿದು ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಒಂದೇ ಟ್ಯೂಬ್ ಒಗ್ಗದಿರುವುದು ಹಲ್ಲಿನ ಸೆಟ್ ಹಾಕಿಕೊಂಡ ಹಿರಿಯರಿಗೆ. ಪೇಸ್ಟಿನ ಸಣ್ಣ ಹರಳು ಸೆಟ್ಟಿನ ಪ್ಲಾಸ್ಟಿಕ್ಕನ್ನು ಗೀರುತ್ತದೆ, ಆ ಗೀರುಗಳಲ್ಲಿ ಬೂಷ್ಟು ಮನೆಮಾಡುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ, ಬೇರೆಯದೇ ಬ್ರಷ್ಷು ಸಾಕು. ಕೈಜಾರಿದರೆ ಒಡೆಯದಂತೆ ಕೆಳಗೆ ನೀರು ತುಂಬಿದ ಬೇಸಿನ್ ಇಟ್ಟು ತೊಳೆಯಿರಿ. ಕುದಿನೀರು ಹಾಕಿದರೆ ಸೆಟ್ಟು ಸೊಟ್ಟಗಾಗಿ ಮತ್ತೆ ಬಾಯಿಗೆ ಕೂರುವುದಿಲ್ಲ. ರಾತ್ರಿ ಅದನ್ನು ತಣ್ಣೀರಿನ ಬಟ್ಟಲಲ್ಲಿ ಮುಳುಗಿಸಿಟ್ಟು ವಸಡಿಗೆ ಬಿಡುವು ಕೊಡಿ.